ಲಿಪಿಕಾರನೇ ಕವಿಯಾದಾಗ

ತಾಳೆಗರಿಗಳಲ್ಲಿ ಮೂಲಪಾಠವನ್ನು ಅರಸುವುದು ನನ್ನಂಥ ಕನ್ನಡ ಅಧ್ಯಾಪಕರ ಕಸುಬು. ಅಮೆರಿಕದ ‘ಹಾಟ್ ರಾಡ್’ ಕಾರುಗಳ ಜೀರ್ಣೋದ್ಧಾರದ ಚರಿತ್ರೆಯನ್ನು ಓದುವಾಗಲೂ ಅದೇ ಪ್ರಶ್ನೆ ಎದುರಾಯಿತು. ಹಳೆಯ ಫೋರ್ಡ್ ಕಾರನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಕಿತ್ತು, ಮೈಯನ್ನು ಕೊಯ್ದು ತಗ್ಗಿಸಿ ವೇಗಕ್ಕೆ ಹದಗೊಳಿಸಿದವರು ಕ್ಯಾಲಿಫೋರ್ನಿಯದ ತರುಣರು. ಕೊಯ್ದ ಸಂದುಗಳಿಗೆ ಸೀಸ, ತವರಗಳ ಮಿಶ್ರಲೋಹವನ್ನು ಬೆಂಕಿಯಲ್ಲಿ ಬೆಣ್ಣೆಯಂತೆ ಮೆತ್ತಗಾಗಿಸಿ, ಮರದ ಹಲಗೆಯಿಂದ ಸವರಿ, ಆರಿದ ಮೇಲೆ ಅರದಿಂದ ಉಜ್ಜುತ್ತಿದ್ದರು. ಅದರ ಮೇಲೆ ಪದರಪದರವಾಗಿ ಲ್ಯಾಕರ್ ಬಣ್ಣ. ಮುಂದೆ ಪಾಲಿಯೆಸ್ಟರ್ ಪುಟ್ಟಿ ಬಂತು. ಸೀಸದ ಧೂಳು ವಿಷವೆಂದು ಬಲ್ಲರೂ ಕೆಲವು ಹಠವಾದಿಗಳು ಇಂದಿಗೂ ಅದನ್ನು ಬಿಟ್ಟಿಲ್ಲ.

ಇಂಥ ಕಾರಿಗೆ ತುಕ್ಕು ಹಿಡಿದರೆ ಅದನ್ನು ಯಾವ ರೂಪಕ್ಕೆ ಮರಳಿಸಬೇಕು? ಕಾರ್ಖಾನೆಯ ರೂಪಕ್ಕೆ ಮರಳಿಸಿದರೆ ಹಾಟ್ ರಾಡೇ ಅಳಿಸಿಹೋಗುತ್ತದೆ! ನಾವು ಲಿಪಿಕಾರನ ತಿದ್ದುಗಳನ್ನು ಅಡಿಟಿಪ್ಪಣಿಗೆ ತಳ್ಳುತ್ತೇವೆ. ಇಲ್ಲಿಯಾದರೋ ಲಿಪಿಕಾರನೇ ಕವಿ. ಆದ್ದರಿಂದ ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು, ಬಣ್ಣವನ್ನು ಮೆಲ್ಲಗೆ ಉಜ್ಜಿ, ಅಡಿಯ ಪದರವನ್ನು ಪತ್ತೆಮಾಡುತ್ತಾರೆ.

ಪೆಬಲ್ ಬೀಚಿನ ಪ್ರತಿಷ್ಠಿತ ಕಾರು ಪ್ರದರ್ಶನ 1950ರಲ್ಲಿಯೇ ಆರಂಭವಾಯಿತು. ಹಾಟ್ ರಾಡ್‌ಗಳಿಗೆ ಅಲ್ಲಿ ಪಂಕ್ತಿ ದೊರೆತದ್ದು ಮಾತ್ರ 1997ರಲ್ಲಿ. ಆ ಸಲ ಗೆದ್ದದ್ದು, ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ತಿದ್ದಿ ರೂಪಿಸಿದ್ದ 1932ರ ಕಪ್ಪು ಫೋರ್ಡ್; ಆತನ ತಿದ್ದುಗಳನ್ನು ಉಳಿಸಿಕೊಂಡೇ.