ಕಾಲಂ ಇಲ್ಲದ ಕಡೆ ನಮ್ಮ ಮಕ್ಕಳೂ ಇಲ್ಲ

ಸರ್ಕಾರಿ ಶಾಲೆಗಳ ಗುಣಮಟ್ಟದ ಬಗ್ಗೆ ಯಾವ ಸಭೆಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಶಾಲೆಯಲ್ಲೂ ಜಾತಿ ಯಾಕ್ರೀ ತರ್ತೀರಿ? ಎಲ್ಲ ಮಕ್ಕಳೂ ಒಂದೇ ಅಲ್ವಾ?" ಕೇಳೋಕೆ ಚೆಂದಾಗೇ ಇದೆ. ಆದರೆ ಶಾಲೆಗೆ ಜಾತಿ ತಂದವರು ನಾವಲ್ಲ. ಅದಕ್ಕೆ ಧಾರವಾಡದ ಒಬ್ಬ ಹುಡುಗನ ಅರ್ಜಿಯೇ ಸಾಕ್ಷಿ.

1856ನೇ ಇಸವಿ, ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನ ಪರವಾಗಿ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಜುಲೈ 21ರಂದು ಸರ್ಕಾರ ಮಾಡಿದ ನಿರ್ಣಯದ ಸಾರ ಇಷ್ಟೇ: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದ ಜನಕ್ಕೆ ಶಾಲೆ ಇದ್ದೂ ಇಲ್ಲದಂತಾಗುತ್ತೆ. ನ್ಯಾಯ ನಿನ್ನದು, ಶಾಲೆ ಅವರದು! 1857ರ ಜನವರಿಯಲ್ಲಿ ಗವರ್ನರ್ ಜನರಲ್ ಕಡೆಯಿಂದ, ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಯಾವ ಸರ್ಕಾರಿ ಶಾಲೆಯೂ ತಿರಸ್ಕರಿಸುತ್ತಿರಲಿಲ್ಲ ಅಂತ ಪತ್ರ ಬಂತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು ಅಂತ ಬರೆದರು.

ಕಾಗದದಲ್ಲಿ ಬಾಗಿಲು ತೆರೆಯಿತು. ನಿಜವಾಗಿ ತೆರೆಯಿತಾ? ಇದನ್ನು ತಿಳಿಯೋಕೆ ಎಣಿಸೋದು ಬಿಟ್ಟು ಬೇರೆ ದಾರಿಯಿಲ್ಲ. ಹಂಟರ್ ಆಯೋಗದ ಕಾಲದಲ್ಲಿ, 1881-82ರಲ್ಲಿ, ಎಣಿಕೆ ಆಯಿತು. ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿದ್ದ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಕೆಳಜಾತಿ ಅಂತ ಗುರುತಿಸಿದ್ದು 2,862 ಮಕ್ಕಳನ್ನು. ನೂರಕ್ಕೆ ಒಂದೂ ಇಲ್ಲ. ಮಿಡ್ಲ್ ಸ್ಕೂಲಿನಲ್ಲಿ 17 ಮಂದಿ. ಆದೇಶ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು.

ಅದೇ ಆಯೋಗದ ಮುಂದೆ 1882ರ ಅಕ್ಟೋಬರ್‌ನಲ್ಲಿ ಮಹಾತ್ಮ ಜೋತಿಬಾ ಫುಲೆ ಮನವಿ ಇಟ್ಟರು. ಅವರು ಬರೀ "ಶಾಲೆ ಕೊಡಿ" ಅನ್ನಲಿಲ್ಲ. 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ ಅಂದರು. ಮೇಷ್ಟ್ರು ಯಾರು, ಅವರಿಗೆ ತರಬೇತಿ ಆಗಿದೆಯಾ, ಜನರ ಜೊತೆ ಬೆರೆಯುವವರಾ ಅಂತ ಕೇಳಿದರು. ತರಬೇತಿ ಪಡೆದವರಿಗೆ ತಿಂಗಳಿಗೆ 12 ರೂಪಾಯಿಗೆ ಕಡಿಮೆ ಸಂಬಳ ಬೇಡ, ದೊಡ್ಡ ಊರಲ್ಲಿ 15ರಿಂದ 20 ಕೊಡಿ ಅಂದರು. ಇವತ್ತು ನಾವು "ಬೋಧನೆಯ ಗುಣಮಟ್ಟ" ಅಂತೀವಲ್ಲ, ಅದನ್ನು ಅವರು ಸಮಾನತೆಯಿಂದ ಬೇರೆ ಮಾಡಿ ನೋಡಲೇ ಇಲ್ಲ.

ಇನ್ನು ಬಾಬಾಸಾಹೇಬರು. ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು, ಇದು ನಮಗೆಲ್ಲ ಗೊತ್ತು. ಅದಕ್ಕೆ ಎಂಟು ದಿನ ಮುಂಚೆ, ಮಾರ್ಚ್ 12ರಂದು, ಅವರು ಏನು ಮಾಡ್ತಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಮುಂಬಯಿ ವಿಧಾನ ಪರಿಷತ್ತಿನಲ್ಲಿ ನಿಂತು ಶಿಕ್ಷಣದ ಲೆಕ್ಕ ಬಿಡಿಸ್ತಿದ್ದರು. ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಮುಂದುವರಿದ ಹಿಂದೂಗಳ ಮಕ್ಕಳು 119, ಮುಸ್ಲಿಮರದು 92, ಮಧ್ಯಮ ವರ್ಗದ್ದು 38, ಹಿಂದುಳಿದ ವರ್ಗದ್ದು 18. ಮುಂದಿನ ಹಂತದ ಶಾಲೆಯಲ್ಲಿ ಲಕ್ಷಕ್ಕೆ ಮುಂದುವರಿದವರು 3,000, ಹಿಂದುಳಿದವರು 14. ಕಾಲೇಜಿನಲ್ಲಿ ನಮ್ಮವರ ಲೆಕ್ಕ ಸೊನ್ನೆ. ಆ ಹಿಂದುಳಿದ ವರ್ಗದೊಳಗೇ ಅಸ್ಪೃಶ್ಯರೂ ಬುಡಕಟ್ಟಿನವರೂ ಇದ್ದದ್ದು. ಜನಸಂಖ್ಯೆಯಲ್ಲಿ ಎರಡನೇ ಸ್ಥಾನ, ಓದಿನಲ್ಲಿ ಕೊನೆಯ ಸ್ಥಾನ.

ಇನ್ನೂ ಒಂದು ಲೆಕ್ಕ ಕೊಟ್ಟರು. ಶಾಲೆಗೆ ಸೇರಿದ 100 ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟೋದು 18, ಉಳಿದ 82 ಮಕ್ಕಳು ಮತ್ತೆ ಅನಕ್ಷರಸ್ಥರಾಗ್ತಾರೆ. ಸರ್ಕಾರ ಶಿಕ್ಷಣಕ್ಕೆ ತಲೆಗೆ 14 ಆಣೆ ಖರ್ಚು ಮಾಡಿ, ಅಬಕಾರಿಯಿಂದ ತಲೆಗೆ ಎರಡು ರೂಪಾಯಿಗೂ ಹೆಚ್ಚು ವಸೂಲಿ ಮಾಡುತ್ತೆ ಅಂತಲೂ ತೋರಿಸಿದರು. ಯಾರು ಸೇರಿದರು, ಯಾರು ಉಳಿದರು, ಎಷ್ಟು ದುಡ್ಡು ಹೋಯಿತು: ಈ ಮೂರೂ ಪ್ರಶ್ನೆ ಒಟ್ಟಿಗೆ. ಸಂಶೋಧನೆ ಅಂದರೆ ಇದೇ ಅಲ್ವಾ?

ಮುಂದಿನ ವರ್ಷ, 1928ರ ಮೇ 29ರಂದು, ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಶಿಕ್ಷಣದ ಬಗ್ಗೆ ಹೇಳಿಕೆ ಕೊಟ್ಟರು. ಅದರಲ್ಲಿ ನಮ್ಮ ಧಾರವಾಡದ ಹುಡುಗನ ಪ್ರಕರಣವಿದೆ. 72 ವರ್ಷ ಹಳೆಯ ಸರ್ಕಾರಿ ಕಡತ ತೆಗೆದು, ಸರ್ಕಾರದ ಮುಂದೆಯೇ ಇಟ್ಟರು. ಆ ಬರಹದಲ್ಲಿ ಹುಡುಗನಿಗೆ ಹೆಸರಿಲ್ಲ. ಆದರೆ ಅರ್ಜಿ ಉಳಿದಿತ್ತು. ಬಾಯಿಮಾತಲ್ಲಿ ಕೇಳಿ ವಾಪಸ್ ಹೋಗಿದ್ದರೆ ಬಾಬಾಸಾಹೇಬರ ಕೈಗೆ ಏನೂ ಸಿಗ್ತಿರಲಿಲ್ಲ.

ನಾನು ಆಫೀಸಿನಲ್ಲಿ ಗುಮಾಸ್ತ. ಇಷ್ಟು ವರ್ಷದಲ್ಲಿ ಒಂದು ಸಂಗತಿ ಚೆನ್ನಾಗಿ ಅರ್ಥ ಆಗಿದೆ: ನಮೂನೆಯಲ್ಲಿ ಕಾಲಂ ಇಲ್ಲದಿದ್ದರೆ ಆ ಸಮಸ್ಯೆಯೇ ಇಲ್ಲ ಅಂತ ಅರ್ಥ. "ಶಾಲೆ ಫಲಿತಾಂಶ ಶೇ. 80" ಅಂತ ಬೋರ್ಡು ಬರೆದರೆ, ಉಳಿದ 20ರಲ್ಲಿ ಯಾರ ಮನೆ ಮಕ್ಕಳಿದ್ದಾರೆ ಅಂತ ಬೋರ್ಡು ಹೇಳಲ್ಲ.

ಅದಕ್ಕೇ ಗೆಳೆಯರೇ, ಒಂದು ವಿನಂತಿ. ನಿಮ್ಮೂರಿನ ಎಸ್‌ಡಿಎಂಸಿ ಸಭೆಗೆ ಹೋಗಿ. ತರಗತಿಯಲ್ಲಿ ಮಕ್ಕಳನ್ನು ಎಬ್ಬಿಸಿ ಜಾತಿ ಕೇಳೋದು ಬೇಡವೇ ಬೇಡ, ಅದು ಇನ್ನೊಂದು ಅವಮಾನ. ದಾಖಲೆಯಿಂದ ಲೆಕ್ಕ ಕೇಳಿ. ಒಂದನೇ ತರಗತಿಗೆ ಸೇರಿದ ನಮ್ಮ ಕೇರಿಯ ಮಕ್ಕಳಲ್ಲಿ ಹತ್ತನೇ ತರಗತಿ ಮುಟ್ಟಿದವರೆಷ್ಟು? ಐದನೇ ತರಗತಿಯಲ್ಲಿ ಸರಾಗವಾಗಿ ಓದೋರೆಷ್ಟು? ಗಣಿತದ ಮೇಷ್ಟ್ರು ಹುದ್ದೆ ಎಷ್ಟು ತಿಂಗಳಿಂದ ಖಾಲಿ ಇದೆ? ಕಸ ಗುಡಿಸೋ ಸರದಿ ಯಾವ ಮಕ್ಕಳಿಗೆ ಬೀಳುತ್ತೆ? ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ, ಒಂದು ಪ್ರತಿ ಜೋಪಾನವಾಗಿಡಿ.

ನಮ್ಮ ಮಕ್ಕಳ ಬಗ್ಗೆ ಬೇರೆಯವರು ಸಂಶೋಧನೆ ಮಾಡಿ ವರದಿ ಕೊಡಲಿ ಅಂತ ಕಾಯೋದು ಸಾಕು. ಲೆಕ್ಕ ಕೇಳೋದನ್ನ ಬಾಬಾಸಾಹೇಬರೇ ಕಲಿಸಿಕೊಟ್ಟಿದ್ದಾರೆ.

ಜೈ ಭೀಮ್.