ಹಳದೀಪುರದ ಅರುಣಾ ಮತ್ತು ಒಂದು ಚಿಲಕದ ಪ್ರಶ್ನೆ

(ಇತಿಹಾಸ ಸರಣಿ, ಕಂತು 7. ಉದ್ದ ಇದೆ. ಕ್ಯಾಪ್ಷನ್‌ನಲ್ಲಿ ಹಿಡಿಸದೇ ಇದ್ದದ್ದು ಮೊದಲ ಕಾಮೆಂಟ್‌ನಲ್ಲಿದೆ.)

ಹೊನ್ನಾವರದಿಂದ ಕುಮಟಾಕ್ಕೆ ಬಸ್ಸಲ್ಲಿ ಹೋಗಿದ್ದೀರಾ? ದಾರೀಲಿ ಹಳದೀಪುರ ಬರುತ್ತೆ. ಅರುಣಾ ಶಾನಭಾಗ ಆ ಊರಿನವರು, ಮುಂಬೈಗೆ ಹೋಗಿ ನರ್ಸ್ ಆದವರು.

ಹೆಸರು ಕೇಳಿದ ತಕ್ಷಣ ನಿಮ್ಗೆ ‘ದಯಾಮರಣದ ಕೇಸ್’ ನೆನಪಾಗಿರಬೇಕು. ನನಗೂ ಅಷ್ಟೇ ಗೊತ್ತಿತ್ತು. ಪಿಯುಸೀಲಿ ಡಿಬೇಟ್‌ಗೆ ಅಂತ ಪರ, ವಿರೋಧ ಎರಡನ್ನೂ ಬಾಯಿಪಾಠ ಮಾಡಿದ್ದೆ. ಆದರೆ ಇದು ಶುರುವಾಗಿದ್ದು ಕೋರ್ಟಲ್ಲಿ ಅಲ್ಲ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ.

1973ರ ನವೆಂಬರ್ 27, ಸಂಜೆ. ಪರೇಲಿನ ಕೆಇಎಂ ಆಸ್ಪತ್ರೆ. ಬಟ್ಟೆ ಬದಲಾಯಿಸೋಕೆ ಅರುಣಾ ನೆಲಮಾಳಿಗೆಗೆ ಹೋಗಿದ್ದರು. ಅದೇ ಆಸ್ಪತ್ರೆಯ ಸ್ವೀಪರ್ ಒಬ್ಬ ನಾಯಿ ಕಟ್ಟೋ ಚೈನನ್ನು ಅವರ ಕುತ್ತಿಗೆಗೆ ಸುತ್ತಿ ಎಳೆದು, ಲೈಂಗಿಕ ದೌರ್ಜನ್ಯ ಎಸಗಿದ. ಮಾರನೇ ದಿನ ಬೆಳಿಗ್ಗೆ 7.45ಕ್ಕೆ ಕ್ಲೀನರ್ ಒಬ್ಬರ ಕಣ್ಣಿಗೆ ಬೀಳೋವರೆಗೂ ಅವರು ಅಲ್ಲೇ ಬಿದ್ದಿದ್ದರು. ಡಾಕ್ಟರ್‌ಗಳೇ ತುಂಬಿರೋ ಕಟ್ಟಡದ ಒಳಗೆ, ರಾತ್ರಿಯಿಡೀ. ಕುತ್ತಿಗೆ ಬಿಗಿದಿದ್ದರಿಂದ ಮೆದುಳಿಗೆ ಆಮ್ಲಜನಕ ಸಿಗದೆ ಅವರಿಗೆ ಮತ್ತೆ ಮೊದಲಿನ ಪ್ರಜ್ಞೆ ಬರಲೇ ಇಲ್ಲ.

ಅಪರಾಧಿಗೆ ಸಿಕ್ಕಿದ್ದು 7 ವರ್ಷ, ಅದೂ ಕೊಲೆಯತ್ನ ಮತ್ತು ದರೋಡೆಗೆ. ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆಯೇ ಆಗಲಿಲ್ಲ.

ಆಗ ಮುಂಬೈನ ನರ್ಸ್‌ಗಳು ಮುಷ್ಕರ ಹೂಡಿದರು. ಅರುಣಾಗೆ ಸರಿಯಾದ ಆರೈಕೆ ಬೇಕು, ನಮಗೆ ಸುರಕ್ಷಿತ ಕೆಲಸದ ಜಾಗ ಬೇಕು ಅಂತ. ಮೊದಲನೇದನ್ನ ಅವರು ಕೈಯಾರೆ ಮಾಡಿ ತೋರಿಸಿದರು. 80ರ ದಶಕದಲ್ಲಿ ಪಾಲಿಕೆ ಅರುಣಾರನ್ನು ಅಲ್ಲಿಂದ ಸಾಗಿಸಲು ನೋಡಿದಾಗ ಬಿಡಲಿಲ್ಲ. 2015ರ ಮೇ 18ರಂದು ಅರುಣಾ ತೀರಿಕೊಳ್ಳೋವರೆಗೆ, ಅಂದರೆ 41 ವರ್ಷ ದಾಟಿ, ಒಂದು ತಲೆಮಾರಿನ ನರ್ಸ್‌ಗಳು ರಿಟೈರ್ ಆದರೆ ಮುಂದಿನವರು ಬಂದು ಊಟ ಮಾಡಿಸಿದರು, ಮಗ್ಗುಲು ಬದಲಿಸಿದರು. ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದು ಹಾಸಿಗೆ ಹುಣ್ಣಿಲ್ಲ ಅನ್ನೋದು 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಬಂದಿದೆ. ದಯಾಮರಣದ ಅರ್ಜಿಯನ್ನ ಕೋರ್ಟ್ ಒಪ್ಪಲಿಲ್ಲ.

ಎರಡನೇ ಬೇಡಿಕೆ? ಅದನ್ನ ನಾವು ಡಿಬೇಟ್‌ಗೂ ತಗೊಳ್ಳಲಿಲ್ಲ ನೋಡಿ.

ಕಾನೂನು ಬಂದಿಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ 2009ರಿಂದ ಕಾಯ್ದೆ ಇದೆ: ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ ಜೈಲು, ಒಡೆದ ಸಾಮಾನಿಗೆ ಎರಡು ಪಟ್ಟು ಪರಿಹಾರ. (ಬಿಕಾಂನವಳಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ.) ಕೋವಿಡ್ ಹೊತ್ತಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇಂದ್ರ ಸುಗ್ರೀವಾಜ್ಞೆ ತಂದು ಗಂಭೀರ ಗಾಯಕ್ಕೆ 7 ವರ್ಷದವರೆಗೆ ಶಿಕ್ಷೆ ಇಟ್ಟಿತು. ಆದರೆ ಇವೆಲ್ಲ ಹೊಡೆತ ಬಿದ್ದ ಮೇಲಿನ ಮಾತು. ಓದಿದರೆ ಸಿಟ್ಟಿಗೆದ್ದ ರೋಗಿ ಕಡೆಯವರೇ ಕಣ್ಮುಂದೆ ಬರ್ತಾರೆ. ಅರುಣಾ ಮೇಲೆ ಬಿದ್ದವನು ಒಳಗಿನವನು.

2024ರ ಆಗಸ್ಟ್ 9, ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆ. ರಾತ್ರಿ ಡ್ಯೂಟಿಯಲ್ಲಿದ್ದ ಟ್ರೈನಿ ವೈದ್ಯೆ ವಿಶ್ರಾಂತಿಗೆ ಹೋಗಿದ್ದು ಸೆಮಿನಾರ್ ಹಾಲ್‌ಗೆ. ಶಿಕ್ಷೆಯಾದವನು ಪೊಲೀಸರ ಸಿವಿಕ್ ವಾಲಂಟಿಯರ್, ಆಸ್ಪತ್ರೆಗೆ ಹೊಸಬನೇನಲ್ಲ. ಸುಪ್ರೀಂ ಕೋರ್ಟ್ ತಾನಾಗಿ ಕೇಸ್ ತಗೊಂಡು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ವಿಶ್ರಾಂತಿ ಕೊಠಡಿ, ಸಿಸಿಟಿವಿ, ರಾತ್ರಿ ಓಡಾಟಕ್ಕೆ ವಾಹನ ಎಲ್ಲ ಚರ್ಚೆಗೆ ಬಂದವು. ಅರ್ಧ ಶತಮಾನ ಆದ ಮೇಲೆ!

ನನ್ನ ದೊಡ್ಡಪ್ಪನ ಮಗಳು ನರ್ಸ್. ಎಲ್ಲಿ ಅಂತ ಹೇಳಲ್ಲ. ಇದನ್ನ ಬರೆಯೋವಾಗ ಫೋನ್ ಮಾಡಿ, “ಅಕ್ಕಾ, ನೀ ಯೂನಿಫಾರ್ಮ್ ಎಲ್ಲಿ ಬದಲಾಯಿಸ್ತೆ?” ಅಂತ ಕೇಳಿದೆ. “ಸ್ಟೋರ್ ರೂಮಲ್ಲಿ. ಚಿಲಕ ಮುರಿದು ಎಷ್ಟು ದಿನ ಆಯ್ತೇನ, ಕುರ್ಚಿ ಅಡ್ಡ ಇಡ್ತೇವೆ ಮಾರಾಯ್ತಿ” ಅಂದಳು, ನಗುತ್ತಲೇ. ನನಗೆ ನಗು ಬರಲಿಲ್ಲ. ಹತ್ತು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಇದೆ, ಅಲ್ಲಿ ಯಾರಿದ್ದಾರೆ ಅಂದರೆ ಗೊತ್ತಿಲ್ಲ ಅಂದಳು. ಮೊನ್ನೆ ಮೂರು ಜನ ಸೇರಿ ಚಿಲಕಕ್ಕೆ ಅರ್ಜಿ ಕೊಟ್ಟಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.

ನಿಮ್ಮ ಮನೇಲೂ ನರ್ಸ್, ಆಶಾ ಕಾರ್ಯಕರ್ತೆ, ಲ್ಯಾಬ್‌ನವರು ಇದ್ದರೆ ಇದೇ ಪ್ರಶ್ನೆ ಕೇಳಿ, ಕಾಮೆಂಟಲ್ಲಿ ಬರೀರಿ. ಆಸ್ಪತ್ರೆ ಹೆಸರು ಮಾತ್ರ ಬೇಡ, ಅವರ ಕೆಲಸಕ್ಕೆ ಕುತ್ತು ಬರೋದು ಬೇಡ.