ಎಕ್ಸ್.ಎಂ.ಎಲ್. ಗ್ರಂಥಸಂಪಾದನೆಯಲ್ಲಿ ವಿಹಿತ ಘಟಕಗಳ ನಿರ್ಣಯ

ಪ್ರಾಚೀನ ಗ್ರಂಥವನ್ನು ಸಂಪಾದಿಸುವಾಗ ಅಂಗೀಕೃತ ಪಾಠವನ್ನು ಮೇಲೆಯೂ ಪಾಠಾಂತರಗಳನ್ನು ಅಡಿಯಲ್ಲಿಯೂ ಮುದ್ರಿಸುವ ಕ್ರಮವು ವಿದ್ವಾಂಸರಿಗೆ ವಿದಿತವಾದುದೇ ಆಗಿದೆ. ಈ ಸ್ಥಾನಭೇದದ ಅರ್ಥವನ್ನು ಓದುಗನ ಕಣ್ಣು ಗ್ರಹಿಸುವುದು; ಗಣಕಯಂತ್ರವು ಗ್ರಹಿಸಲಾರದು. ಆದುದರಿಂದ ಗ್ರಂಥದ ಒಂದೊಂದು ಭಾಗಕ್ಕೂ ಹೆಸರಿನ ಗುರುತನ್ನು ಹಚ್ಚಬೇಕಾಗುತ್ತದೆ. ಹಾಗೆ ಹೆಸರು ಪಡೆದ ಭಾಗವೇ ಘಟಕ. ಯಾವ ಘಟಕದೊಳಗೆ ಯಾವುದು, ಯಾವ ಕ್ರಮದಲ್ಲಿ, ಎಷ್ಟು ಸಲ ಬರಬಹುದೆಂದು ವಿಧಿಸುವ ನಿಯಮಸಮುಚ್ಚಯವೇ ಸ್ಕೀಮಾ.

ಈ ಪದ್ಧತಿಯ ಮೂಲವು 1969ರಲ್ಲಿ ಐ.ಬಿ.ಎಂ. ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಆರಂಭಿಸಿದ ಜಿ.ಎಂ.ಎಲ್. ಎಂಬ ಗುರುತುಭಾಷೆಯಲ್ಲಿದೆ. ಅದರಿಂದ ಬೆಳೆದ ಎಸ್.ಜಿ.ಎಂ.ಎಲ್. 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. 1987ರ ನವೆಂಬರಿನಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ಕೂಡಿದ ವಿದ್ವತ್ಸಭೆಯಿಂದ, ಸಾಹಿತ್ಯಗ್ರಂಥಗಳಿಗೆ ತಕ್ಕ ಘಟಕಗಳನ್ನು ನಿರೂಪಿಸುವ ಟಿ.ಇ.ಐ. ಪ್ರಯತ್ನವು ಹುಟ್ಟಿತು. ಸರಳರೂಪದ ಎಕ್ಸ್.ಎಂ.ಎಲ್. 1998ರಲ್ಲಿ ಪ್ರಕಟವಾಗಲು, 2002ರಲ್ಲಿ ಟಿ.ಇ.ಐ. ಅದನ್ನು ಅಂಗೀಕರಿಸಿತು.

ಸ್ಕೀಮಾವನ್ನು ಎರಡು ಪ್ರಶ್ನೆಗಳಿಗಾಗಿ ಬಳಸಬಹುದು. ಬರೆದುದು ನಿಯಮಬದ್ಧವೇ ಎಂಬುದು ಒಂದು. ಈ ಸ್ಥಳದಲ್ಲಿ ಏನನ್ನು ಬರೆಯಬಹುದು ಎಂಬುದು ಇನ್ನೊಂದು. ಎರಡಕ್ಕೂ ಉತ್ತರವೀಯುವ ಒಂದು ಗಣಿತೋಪಾಯವು ಗುರುತುಭಾಷೆಗಳಿಗಿಂತಲೂ ಹಳೆಯದೆಂಬುದು ಗಮನಾರ್ಹ. 1964ರಲ್ಲಿ ಬ್ರಜೊಜೊವ್ಸ್ಕಿಯವರು, ಒಂದು ನಿಯಮದ ಮೊದಲ ಚಿಹ್ನೆಯನ್ನು ಓದಿದ ಮೇಲೆ ಉಳಿಯುವ ನಿಯಮವೇನೆಂದು ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದರು. ಜೇಮ್ಸ್ ಕ್ಲಾರ್ಕ್ ಮತ್ತು ಮುರಾತಾ ಮಕೊಟೊ ಅವರು 2001ರಲ್ಲಿ ರಿಲ್ಯಾಕ್ಸ್ ಎನ್‌ಜಿ ಎಂಬ ಸ್ಕೀಮಾಭಾಷೆಯನ್ನು ರೂಪಿಸಿದರು; ಅದರ ಪರಿಶೀಲನೆಗೆ ಕ್ಲಾರ್ಕರು ಈ ಕ್ರಮವನ್ನೇ ಅನ್ವಯಿಸಿದರು. ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶಕ್ಕೆ ಅವರು ರಚಿಸಿದ ಎನ್‌ಎಕ್ಸ್‌ಎಂಎಲ್, ಬರೆಯುತ್ತಿರುವಾಗಲೇ ದೋಷವನ್ನು ಕೆಳಗೆರೆಯಿಂದ ತೋರಿಸುವುದಲ್ಲದೆ, ಕೇಳಿದಲ್ಲಿ ವಿಹಿತ ಘಟಕಗಳ ಪಟ್ಟಿಯನ್ನೂ ಮುಂದಿಡುತ್ತದೆ.

ಇದಕ್ಕೊಂದು ನಿದರ್ಶನ. ಟಿ.ಇ.ಐ.ಯಲ್ಲಿ ಪಾಠಾಂತರಸಮೂಹಕ್ಕೆ 'ಆ್ಯಪ್', ಅಂಗೀಕೃತ ಪಾಠಕ್ಕೆ 'ಲೆಮ್', ಇತರ ಪಾಠಗಳಿಗೆ 'ಆರ್‌ಡಿಜಿ' ಎಂದು ಹೆಸರು. 'ಆ್ಯಪ್' ತೆರೆದೊಡನೆ 'ಲೆಮ್', 'ಆರ್‌ಡಿಜಿ' ಎರಡೂ ವಿಹಿತ. 'ಲೆಮ್' ಒಮ್ಮೆ ಬಂದ ಮೇಲೆ ಉಳಿದ ನಿಯಮದಲ್ಲಿ ಅದಕ್ಕೆ ಎಡೆಯಿಲ್ಲ. ಆದುದರಿಂದ ಪಟ್ಟಿಯಿಂದ ಅದು ಮರೆಯಾಗಿ 'ಆರ್‌ಡಿಜಿ' ಎಷ್ಟು ಸಲವಾದರೂ ಬರಬಹುದು. ಒಂದು ಸ್ಥಳದಲ್ಲಿ ಎರಡು ಪಾಠಗಳನ್ನು ಅಂಗೀಕರಿಸಲಾಗದೆಂಬ ಸಂಪಾದನಶಾಸ್ತ್ರದ ತತ್ತ್ವವೇ ಇಲ್ಲಿ ಯಂತ್ರದ ನಿಯಮವಾಗಿ ಪರಿಣಮಿಸಿದೆ.

ಆದರೆ ಯಾವ ಪಾಠವು ಸಾಧುವೆಂಬುದನ್ನು ಸ್ಕೀಮಾ ಅರಿಯದು. ಅಪಪಾಠವನ್ನೇ 'ಲೆಮ್' ಎಂದು ಗುರುತಿಸಿದರೂ ಅದು ಆಕ್ಷೇಪಿಸದು. ಇದಕ್ಕಿಂತ ಸೂಕ್ಷ್ಮವಾದ ಅಪಾಯವೂ ಒಂದುಂಟು: ಪಟ್ಟಿಯಲ್ಲಿ ಕಾಣದ ವಿಶೇಷವೊಂದು ಹಸ್ತಪ್ರತಿಯಲ್ಲಿ ತೋರಿದಾಗ, ಸಮೀಪದ ಹೆಸರನ್ನು ಹಚ್ಚಿ ಮುಂದೆ ಸಾಗುವ ಆಶೆ ಹುಟ್ಟುವುದು ಸಹಜ. ಅಂತಹ ಕಡೆ ತಿದ್ದಬೇಕಾದುದು ಸ್ಕೀಮಾವನ್ನಲ್ಲದೆ ಹಸ್ತಪ್ರತಿಯ ಸಾಕ್ಷ್ಯವನ್ನಲ್ಲ. ಟಿ.ಇ.ಐ. ತನ್ನ ನಿಯಮಗಳನ್ನು ಆಯಾ ಗ್ರಂಥಕ್ಕೆ ತಕ್ಕಂತೆ ಮಾರ್ಪಡಿಸಲು ವಿಧಿಪೂರ್ವಕವಾಗಿಯೇ ಅವಕಾಶವಿತ್ತಿದೆ. ವಿಹಿತವಾದುದನ್ನು ಯಂತ್ರವು ಸೂಚಿಸಲಿ. ಉಚಿತವಾದುದನ್ನು ನಿರ್ಣಯಿಸುವ ಭಾರವು ಸಂಪಾದಕನ ಮೇಲೆಯೇ ಇದೆ.